ಆಶ್ರಯ ತಾಣದ ನಾಯಿಗಳಿಗೆ ಕೌದಿ ಹೊಲಿದ ಮೂರು ತಿಂಗಳು

ಜನವರಿ 11ರ ಭಾನುವಾರ ಮಧ್ಯಾಹ್ನ ಗೂಡ್ಸ್ ಆಟೊ ಒಂದರಲ್ಲಿ 34 ಸಣ್ಣ ಕೌದಿಗಳನ್ನೂ ಹಾಸಿಗೆಗೆ ಹಾಕುವ ನಾಲ್ಕು ಗವಸುಗಳನ್ನೂ ಹೇರಿಕೊಂಡು ಹೋಗಿ, ಬಳ್ಳಾರಿಯ ಹೊರವಲಯದಲ್ಲಿರುವ ಪ್ರಾಣಿಗಳ ಆಶ್ರಯ ತಾಣವೊಂದಕ್ಕೆ ಒಪ್ಪಿಸಿ ಬಂದೆ. ಹಳೆಯ ಸೀರೆ, ಸೂಜಿ, ದಾರ ಇದ್ದರೆ ಹದಿನೈದು ದಿನದಲ್ಲಿ ಮುಗಿಯುವ ಕೆಲಸವೆಂದುಕೊಂಡು 2025ರ ದೀಪಾವಳಿಯಲ್ಲಿ ಕೈ ಹಚ್ಚಿದ್ದು ಸಂಕ್ರಾಂತಿಯ ಹೊಸ್ತಿಲಿಗೆ ಬಂದು ಮುಗಿಯಿತು. ಈ ನಡುವೆ ಹತ್ತೊಂಬತ್ತು ದಿನ ಹೊಲಿದ ಒಂದು ದೊಡ್ಡ ಕೌದಿ ಕೆಲಸಕ್ಕೆ ಬಾರದೆ ಹೋಯಿತು, ಬಿಳಿಯ ನಾಯಿಯೊಂದು ನೀಲಿಯಾಯಿತು, ನನ್ನ ಎರಡೂ ತೋಳುಗಳಿಗೆ ನಾಲ್ಕು ಸಲ ಸೂಜಿ ಬಿತ್ತು. ನಮ್ಮಲ್ಲೂ ಹಳೆಯ ಬಟ್ಟೆಗಳಿವೆ, ನಾವೂ ಹೊಲಿದು ಕೊಡಬಹುದೇ ಎಂದು ಪರಿಚಿತರು ಒಬ್ಬರಾದ ಮೇಲೊಬ್ಬರು ಕೇಳುತ್ತಿರುವುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲೇ, ಖರ್ಚಿನ ಸಮೇತ ಬರೆದಿಡುತ್ತಿದ್ದೇನೆ.

ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಓಣಿಯ ನಾಯಿಯೊಂದು ಟ್ರ್ಯಾಕ್ಟರಿನ ಟ್ರಾಲಿಗೆ ಸಿಕ್ಕು ಹಿಂಗಾಲುಗಳ ಶಕ್ತಿಯನ್ನು ಕಳೆದುಕೊಂಡಿತು. ಓಣಿಯ ಹುಡುಗರು ಅದನ್ನು ಈ ಆಶ್ರಯ ತಾಣಕ್ಕೆ ಮುಟ್ಟಿಸಿದರು. ಹತ್ತು ದಿನ ಕಳೆದು ನೋಡಲು ಹೋದಾಗ ಅದು ಕಡಪ ಕಲ್ಲಿನ ನೆಲದ ಮೇಲೆ ಒಂದೇ ಮಗ್ಗುಲಾಗಿ ಮಲಗಿತ್ತು. ಮೊಣಕೈ ಮತ್ತು ಸೊಂಟದ ಎಲುಬು ನೆಲಕ್ಕೆ ಒತ್ತುವ ಕಡೆಗಳಲ್ಲಿ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಚರ್ಮ ಕಿತ್ತು ಹುಣ್ಣಾಗಿತ್ತು. ಕೆಳಗೆ ಹಾಸಿದ್ದ ಗೋಣಿತಟ್ಟು ಮೂತ್ರದಲ್ಲಿ ನೆನೆದಿದ್ದರಿಂದ ಆಗಷ್ಟೇ ತೆಗೆದಿದ್ದರು, ಇನ್ನೊಂದು ಒಣಗಿರಲಿಲ್ಲ. ಮನೆಗೆ ಬಂದವಳೇ ಕಪಾಟು ತೆರೆದು ಹಳೆಯ ಸೀರೆಗಳನ್ನು ಎಣಿಸಿದೆ. ಆ ಆತುರವೇ ಮುಂದಿನ ತಪ್ಪುಗಳಿಗೆಲ್ಲ ಮೂಲವಾಯಿತು.

ಬಳ್ಳಾರಿಯಂಥ ಬಿಸಿಲೂರಿನಲ್ಲಿ ನಾಯಿಗೆ ಹಾಸಿಗೆ ಏಕೆ ಎಂದು ಎದುರು ಮನೆಯವರಿಂದ ಹಿಡಿದು ಆಟೊದವರವರೆಗೆ ಎಲ್ಲರೂ ಕೇಳಿದ್ದಾರೆ. ನಾನೂ ಆಶ್ರಯ ತಾಣದ ಪಶುವೈದ್ಯರನ್ನು ಇದೇ ಪ್ರಶ್ನೆ ಕೇಳಿದ್ದೆ. ಆರೋಗ್ಯವಾಗಿ ಓಡಾಡುವ ನಾಯಿಗೆ ಬೇಕಿಲ್ಲವೆಂದೇ ಅವರೂ ಹೇಳಿದರು. ಏಪ್ರಿಲ್ ಬಂತೆಂದರೆ ಅವು ಹಾಸಿದ್ದನ್ನು ಬಿಟ್ಟು ತಾವಾಗಿಯೇ ತಂಪು ಕಲ್ಲಿನ ಮೇಲೆ ಹೋಗಿ ಮಲಗುತ್ತವೆ. ಬೇಕಾಗಿರುವುದು ಮೂರು ಬಗೆಯ ಪ್ರಾಣಿಗಳಿಗೆ. ಶಸ್ತ್ರಚಿಕಿತ್ಸೆಯಾಗಿ ಅರಿವಳಿಕೆಯಿಂದ ಎಚ್ಚರಗೊಳ್ಳುತ್ತಿರುವ ನಾಯಿಯ ಮೈಬಿಸಿ ಇಳಿದಿರುತ್ತದೆ, ಬರಿಯ ಕಲ್ಲಿನ ಮೇಲೆ ಮಲಗಿಸಿದರೆ ಇನ್ನಷ್ಟು ಇಳಿಯುತ್ತದೆ. ಹುಟ್ಟಿ ಮೂರು ನಾಲ್ಕು ವಾರ ತುಂಬದ ಮರಿಗಳಿಗೆ ತಮ್ಮ ಮೈಬಿಸಿಯನ್ನು ತಾವೇ ಕಾಪಾಡಿಕೊಳ್ಳುವ ಶಕ್ತಿ ಸಾಲದು. ಮೂರನೆಯವು ಎದ್ದು ಮಗ್ಗುಲು ಬದಲಿಸಲಾಗದ ಮುದಿ ನಾಯಿಗಳು ಮತ್ತು ನಮ್ಮ ಓಣಿಯದರಂತೆ ಕಾಲು ಬಿದ್ದವು. ಎಷ್ಟು ಹಾಸಿಗೆ ಬೇಕೆಂಬುದು ಆ ತಾಣದಲ್ಲಿರುವ ಒಟ್ಟು ಪ್ರಾಣಿಗಳ ಸಂಖ್ಯೆಯ ಮೇಲಲ್ಲ, ಈ ಮೂರು ಬಗೆಯವು ಎಷ್ಟಿವೆ ಎಂಬುದರ ಮೇಲೆ ನಿಂತಿರುತ್ತದೆ.

ಬೇರೆ ಎರಡು ಕಡೆಗೂ ಕೊಡೋಣವೆಂದು ವಿಚಾರಿಸಿದ್ದೆ. ಒಂದು ಗೋಶಾಲೆಯವರು ಬಟ್ಟೆ ಬೇಡ, ಮನಸ್ಸಿದ್ದರೆ ಮೇವಿಗೆ ಹಣ ಕೊಡಿ ಎಂದರು. ಆಗ ಕೆಟ್ಟದೆನಿಸಿತು. ಜನ ತಮ್ಮ ಮನೆಯಲ್ಲಿ ಜಾಗವಿಲ್ಲದ ಹಳೆಯ ಬಟ್ಟೆಯನ್ನೆಲ್ಲ ಮೂಟೆ ಕಟ್ಟಿ ತಂದು ಸುರಿದು ಹೋಗುತ್ತಾರೆ, ಅದನ್ನು ಸಾಗಹಾಕಲು ಅವರೇ ಗಾಡಿ ಬಾಡಿಗೆ ಕೊಡಬೇಕಾಗುತ್ತದೆ ಎಂಬುದು ತಿಳಿದ ಮೇಲೆ ಆ ಉತ್ತರ ಸರಿಯಾದುದೆಂದೇ ತೋರಿತು. ಇನ್ನೊಂದು ಕಡೆ ಹೊರಗಿನವರಿಗೆ ಪ್ರವೇಶವೇ ಇರಲಿಲ್ಲ. ನಮ್ಮ ಓಣಿಯ ನಾಯಿ ಇದ್ದ ತಾಣದವರು ಮಾತ್ರ, ಒಂದು ಹೊಲಿದು ತಂದು ತೋರಿಸಿ, ನೋಡೋಣ ಎಂದರು. ಒಂದು ಹೊಲಿದು ತಂದು ತೋರಿಸುವ ಮೊದಲು ನಾನು ಕೇಳಬೇಕಾಗಿದ್ದ ಮಾತುಗಳಿದ್ದವು: ಒಗೆಯುವುದು ಯಂತ್ರದಲ್ಲೋ ಕೈಯಲ್ಲೋ, ದಿನಕ್ಕೆ ಎಷ್ಟು ನೀರು ಸಿಗುತ್ತದೆ, ಮಳೆಗಾಲದಲ್ಲಿ ಒಣಹಾಕಲು ಮಾಡಿನ ಅಡಿ ಜಾಗವಿದೆಯೇ, ಬೆಕ್ಕುಗಳೂ ಇವೆಯೇ, ಗೂಡಿನ ಅಳತೆ ಎಷ್ಟು. ಇವುಗಳಲ್ಲಿ ಒಂದನ್ನೂ ಕೇಳದೆ ಬಂದೆ.

ದೀಪಾವಳಿಗೆ ಮನೆಮನೆಯಲ್ಲಿ ಧೂಳು ಹೊಡೆದು ಟ್ರಂಕು ಖಾಲಿ ಮಾಡುವ ಕಾಲವಾದ್ದರಿಂದ ಬಟ್ಟೆಗೆ ಬರವಾಗಲಿಲ್ಲ. ಬಲಿಪಾಡ್ಯಮಿ ಕಳೆಯುವಷ್ಟರಲ್ಲಿ ನಮ್ಮ ಹಾಲ್‌ನಲ್ಲಿ ಏಳು ಮೂಟೆಗಳು ಕುಳಿತಿದ್ದವು. ಅವನ್ನು ಆಯುವುದಕ್ಕೇ ನಾಲ್ಕು ದಿನ ಬೇಕಾಯಿತು. ನೈಲಾನ್ ಮತ್ತು ಪಾಲಿಯೆಸ್ಟರ್ ಸೀರೆಗಳು ಬೇಗ ಒಣಗುತ್ತವೆ ನಿಜ, ಆದರೆ ತೇವವನ್ನು ಹೀರುವುದಿಲ್ಲ, ನುಣುಪು ಕಲ್ಲಿನ ಮೇಲೆ ಜಾರುತ್ತವೆ; ಹಿಂಗಾಲು ಸೋತ ನಾಯಿ ಅದರ ಮೇಲೆ ಏಳಲು ಹೋದರೆ ಮತ್ತೆ ಬೀಳುತ್ತದೆ. ಜರಿಯ ಅಂಚು ಚರ್ಮವನ್ನು ತರಚುತ್ತದೆ. ಕುಪ್ಪಸದ ಹುಕ್ಕು, ಅಂಗಿಯ ಗುಂಡಿ, ಲಂಗದ ಲಾಡಿ, ಚಡ್ಡಿಯ ಎಲಾಸ್ಟಿಕ್, ಮಿಂಚಿನ ಟಿಕಳಿ ಇವೆಲ್ಲ ನಾಯಿಯ ಹೊಟ್ಟೆಗೆ ಹೋಗುವ ವಸ್ತುಗಳೇ. ಕಣ್ಣಿಗೆ ಕಾಣದ ಹುಕ್ಕನ್ನು ಹಿಡಿಯಲು ನಮ್ಮ ದರ್ಜಿ ಒಂದು ಉಪಾಯ ಹೇಳಿಕೊಟ್ಟರು: ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಬಟ್ಟೆಯ ಮೇಲೆ ನಿಧಾನವಾಗಿ ಆಡಿಸುವುದು. ಮೊದಲ ಮೂಟೆಯಿಂದಲೇ ಹದಿಮೂರು ಹುಕ್ಕು, ಎರಡು ಗುಂಡುಪಿನ್ನು ಅದಕ್ಕೆ ಅಂಟಿಕೊಂಡು ಬಂದವು. ಏಳು ಮೂಟೆಗಳಲ್ಲಿ ಹೊಲಿಯಲು ಯೋಗ್ಯವಾಗಿ ಉಳಿದದ್ದು ಎರಡೂವರೆ ಮೂಟೆ, ಅದೂ ಹತ್ತಿಯ ಸೀರೆ, ಧೋತರ ಮತ್ತು ಹಾಸಿಗೆಯ ಚಾದರಗಳು.

ನಮ್ಮ ಅತ್ತೆಯವರು ಕುಷ್ಟಗಿ ತಾಲ್ಲೂಕಿನ ಹಳ್ಳಿಯವರು. ಎಪ್ಪತ್ತು ದಾಟಿದ್ದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ. ಹಬ್ಬಕ್ಕೆ ಬಂದವರು ನಾನು ಕೌದಿ ಹೊಲಿಯಲು ಹೊರಟಿರುವುದನ್ನು ಕಂಡು, ನನ್ನ ಕೈಯಿಂದ ಸೂಜಿ ಕಸಿದುಕೊಂಡರು. ಧೋತರವನ್ನು ನೆಲಕ್ಕೆ ಹರವಿ, ನಾಲ್ಕು ಮೂಲೆಗೆ ನಾಲ್ಕು ಗುಂಡುಕಲ್ಲು ಹೇರಿ, ಅದರ ಮೇಲೆ ಒಂದೊಂದೇ ಪದರವನ್ನು ಹಾಸಿ ಅಂಗೈಯಿಂದ ನಡುವಿನಿಂದ ಅಂಚಿಗೆ ತೀಡುತ್ತಿದ್ದರು. ಒಂದು ಸುಕ್ಕು ಉಳಿದರೂ ಎತ್ತಿ ಮತ್ತೆ ಹಾಸುತ್ತಿದ್ದರು. ದಾರವನ್ನು ಸೋಪಿನ ಬಿಲ್ಲೆಗೆ ಒಮ್ಮೆ ಉಜ್ಜಿ, ಸೂಜಿಯನ್ನು ಎಳೆಯದೆ ಅದರ ಮೇಲೇ ಐದಾರು ಹೊಲಿಗೆಗಳನ್ನು ಪೇರಿಸಿಕೊಂಡು, ಬಳಿಕ ಒಂದೇ ಎಳೆತಕ್ಕೆ ಸಾಲು ಮುಗಿಸುವ ಅವರ ಕೈಚಳಕ ನನಗೆ ಕೊನೆಯವರೆಗೂ ಬರಲಿಲ್ಲ. ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತು ಸುತ್ತಾಗಿ ಒಳಕ್ಕೆ ಸಾಗುತ್ತಿತ್ತು. ದಾರ ಮುಗಿದಲ್ಲಿ ಅವರು ಗಂಟು ಹಾಕುತ್ತಿರಲಿಲ್ಲ, ಬಂದ ದಾರಿಯಲ್ಲೇ ನಾಲ್ಕು ಹೊಲಿಗೆ ಹಿಂದಕ್ಕೆ ಹಾಕಿ ತುಂಡರಿಸುತ್ತಿದ್ದರು.

ಆರು ಪದರ, ಐದಡಿ ಉದ್ದ, ನಾಲ್ಕಡಿ ಅಗಲ, ಮೇಲೆ ತ್ರಿಕೋನದ ಬಣ್ಣಬಣ್ಣದ ತೇಪೆಗಳು, ನಾಲ್ಕು ಮೂಲೆಗೆ ಗೊಂಡೆ. ನಡುವಿನ ಕೊನೆಯ ತೇಪೆಯನ್ನು ಮುಚ್ಚುವ ಮುನ್ನ ಅತ್ತೆಯವರು ಅಡುಗೆಮನೆಗೆ ಹೋಗಿ ಜೋಳದ ರೊಟ್ಟಿಯ ಒಂದು ಚೂರನ್ನು ತಂದು ಅದರ ಅಡಿಗಿಟ್ಟರು. "ಕೌದಿ ಹೊಟ್ಟಿ ಖಾಲಿ ಬಿಡಬಾರದವಾ" ಎಂದರು. ಇರುವೆ ಬರುತ್ತದೆ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಇಬ್ಬರೂ ಸೇರಿ ಹತ್ತೊಂಬತ್ತು ದಿನ ಹೊಲಿದ ಆ ಕೌದಿಯನ್ನು ಗೋಡೆಗೆ ತೂಗುಹಾಕಿ ನೋಡಿದಾಗ, ನಾಯಿಗೆ ಕೊಡುವುದೇ ಎಂದು ಮನೆಯವರೆಲ್ಲ ಒಂದೇ ದನಿಯಲ್ಲಿ ಕೇಳಿದರು.

ಅದನ್ನು ಒಯ್ದು ತೋರಿಸಲು ದಿನ ಕೇಳಿದರೆ ಆಶ್ರಯ ತಾಣದವರು ಒಂದು ವಾರ ಫೋನೇ ಎತ್ತಲಿಲ್ಲ. ಸಿಟ್ಟು ಬಂದಿತ್ತು. ಕಾರಣ ಬೇರೆಯೇ ಇತ್ತು. ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಜಾಗಗಳಿಂದ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಹಾಗೂ ಚುಚ್ಚುಮದ್ದು ಮಾಡಿಸಿ, ಮರಳಿ ಅಲ್ಲಿಗೇ ಬಿಡದೆ ಆಶ್ರಯ ತಾಣಗಳಲ್ಲಿ ಇರಿಸಬೇಕೆಂದು ಆದೇಶಿಸಿತ್ತು. ಅಲ್ಲಿಯವರೆಗೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ನಾಯಿಯನ್ನು ಹಿಡಿದ ಜಾಗಕ್ಕೇ ಮರಳಿ ಬಿಡುವುದು ರೂಢಿ. ಆದೇಶ ಬಂದ ಮೇಲೆ, ನಿಮ್ಮಲ್ಲಿ ಎಷ್ಟು ಜಾಗವಿದೆ ಎಂದು ಕೇಳುವವರ ಕರೆಗಳಿಗೆ ಉತ್ತರಿಸುವುದರಲ್ಲೇ ಅವರ ವಾರ ಕಳೆದುಹೋಗಿತ್ತು. ಕೊಡುವವರು ನಾವಾದ್ದರಿಂದ ಅವರು ನಮಗಾಗಿ ಕಾಯುತ್ತಿರುತ್ತಾರೆಂದು ಭಾವಿಸಿದ್ದು ನನ್ನ ತಪ್ಪು.

ನವೆಂಬರ್ 16ರಂದು ಅತ್ತೆಯವರನ್ನೂ ಕರೆದುಕೊಂಡು ಹೋದೆ. ನೋಡಿಕೊಳ್ಳುವ ಹುಡುಗ ಕೌದಿಯನ್ನು ಮುದಿ ನಾಯಿಯೊಂದರ ಅಡಿಗೆ ಹಾಸಿದ. ಅದು ಮೂಸಿ ನೋಡಿತು, ಒಂದು ಸುತ್ತು ತಿರುಗಿತು, ಮಲಗುತ್ತದೆ ಎಂದುಕೊಳ್ಳುವಷ್ಟರಲ್ಲಿ ನಟ್ಟನಡುವಿನ ತೇಪೆಯನ್ನು ಮುಂಗಾಲಿನಿಂದ ಕೆರೆಯತೊಡಗಿತು. ಹುಡುಗ ಎತ್ತಿಕೊಳ್ಳುವ ಮೊದಲೇ ತೇಪೆ ಹರಿದು ರೊಟ್ಟಿಯ ಚೂರು ಹೊರಬಂದಿತ್ತು. ಹಲ್ಲು ಉದುರಿದ ಆ ನಾಯಿ ಅದನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನೆನೆಸಿತು. ಅತ್ತೆಯವರಿಗೆ ಮಾತ್ರ ಬೇಸರವೇನೂ ಆಗಲಿಲ್ಲ.

ಆಮೇಲಿನ ಪರೀಕ್ಷೆ ನೀರಿನದು. ಹುಡುಗ ಕೌದಿಯನ್ನು ಸಿಮೆಂಟಿನ ತೊಟ್ಟಿಯಲ್ಲಿ ಅದ್ದಿದ. ಎತ್ತಲು ಹೋದರೆ ಒಬ್ಬನ ಕೈಯಲ್ಲಿ ಏಳಲಿಲ್ಲ. ಇನ್ನೊಬ್ಬರು ಬಂದು ಎರಡು ತುದಿ ಹಿಡಿದು ಹಿಂಡಿದರೂ ನೀರು ಸುರಿಯುತ್ತಲೇ ಇತ್ತು. "ಅಕ್ಕಾರ, ಚಂದ ಐತ್ರೀ, ಆದ್ರ ದಿನಾ ಇಂಥವು ಹತ್ತು ಒಗದ್ರ ನನ್ನ ರಟ್ಟಿ ಉಳಿಯಂಗಿಲ್ರೀ" ಎಂದ. ಮೂರನೆಯ ದಿನ ಫೋನ್ ಮಾಡಿ ಕೇಳಿದೆ, ನಡುಭಾಗ ಇನ್ನೂ ಹಸಿಯಾಗಿಯೇ ಇತ್ತು. ವೈದ್ಯರು ಗೊಂಡೆಯನ್ನು ಎರಡು ಬೆರಳಲ್ಲಿ ಹಿಡಿದು ಹೇಳಿದ ಮಾತು ಇನ್ನೂ ಗಂಭೀರವಾದದ್ದು. ಬೆಕ್ಕಿನ ನಾಲಗೆಯ ಮುಳ್ಳುಗಳು ಒಳಮುಖವಾಗಿರುವುದರಿಂದ ಬಾಯಿಗೆ ಸಿಕ್ಕ ದಾರವನ್ನು ಅದು ಉಗುಳಲಾರದು, ನುಂಗುತ್ತಲೇ ಹೋಗುತ್ತದೆ. ದಾರದ ಒಂದು ತುದಿ ನಾಲಗೆಯ ಬುಡಕ್ಕೆ ಸಿಕ್ಕಿಕೊಂಡು ಉಳಿದದ್ದು ಕರುಳಿಗೆ ಇಳಿದರೆ, ಕರುಳು ಲಾಡಿ ಎಳೆದ ಪೈಜಾಮದಂತೆ ನೆರಿಗೆ ನೆರಿಗೆಯಾಗಿ ಕೊನೆಗೆ ಹರಿಯುತ್ತದೆ. ತ್ರಿಕೋನದ ತೇಪೆಗಳೂ ಬೇಡವೆಂದರು. ಒಂದರ ಮೇಲೊಂದು ಬರುವ ಮಡಿಕೆಗಳಲ್ಲಿ ಉಣ್ಣಿ ಹುಳುಗಳು ಸೇರಿಕೊಂಡರೆ ಒಗೆದರೂ ಹೋಗುವುದಿಲ್ಲ. ಅಲ್ಲಿಗೆ ಆ ಕೌದಿಯಲ್ಲಿ ನಾವು ಹೆಮ್ಮೆಪಟ್ಟಿದ್ದ ಎಲ್ಲವೂ ದೋಷಗಳ ಪಟ್ಟಿಗೆ ಸೇರಿದವು. ಅತ್ತೆಯವರ ಗಂಟಿಲ್ಲದ ಹೊಲಿಗೆಯೊಂದು ಮಾತ್ರ ತೇರ್ಗಡೆಯಾಯಿತು.

ಅಂದೇ ಹೊರಡುವಾಗ ಮರಿಯೊಂದು ಮೈಮೇಲೆ ಹಾರಿ, ಮುಂಗೈ ಮೇಲೆ ಅದರ ಉಗುರು ಗೀರಿತು. ರಕ್ತ ಬಂದಿರಲಿಲ್ಲ, ಕೆಂಪಗೆ ಒಂದು ಗೆರೆ ಅಷ್ಟೆ. ನಾನು ಸೆರಗಿನಿಂದ ಒರೆಸಿಕೊಂಡು ಬರುವವಳಿದ್ದೆ. ವೈದ್ಯರು ನಲ್ಲಿಯ ಕೆಳಗೆ ಕೈ ಹಿಡಿಸಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಸಿದರು. ಮಾರನೆಯ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಆರಂಭಿಸಿದೆ. ರಕ್ತ ಬಾರದ ಗೀರಿಗೂ ಲಸಿಕೆ ಬೇಕೇಬೇಕು; ರಕ್ತ ಬಂದಿದ್ದರೆ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಮದ್ದನ್ನೂ ಕೊಡುತ್ತಿದ್ದರು. ಚರ್ಮದ ಪದರದೊಳಗೆ ಕೊಡುವ ಈ ಲಸಿಕೆ ಒಂದೊಂದು ಸಲಕ್ಕೆ ಎರಡೂ ತೋಳಿಗೆ, ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ ಬೀಳುತ್ತದೆ. ನನಗೆ ನವೆಂಬರ್ 17, 20, 24 ಮತ್ತು ಡಿಸೆಂಬರ್ 15. ಹಣ ಖರ್ಚಾಗಲಿಲ್ಲ, ಆದರೆ ಚೀಟಿ ಮಾಡಿಸಲು, ಸಾಲಿನಲ್ಲಿ ನಿಲ್ಲಲು ನಾಲ್ಕು ಬೆಳಗುಗಳು ಹೋದವು. ಮೊದಲ ದಿನ ಕೊಟ್ಟ ಕಾರ್ಡನ್ನು ಜೋಪಾನವಾಗಿಟ್ಟುಕೊಳ್ಳಬೇಕು, ಅದಿಲ್ಲದೆ ಹೋದರೆ ಎಷ್ಟನೆಯ ಸೂಜಿಯೆಂಬ ಚರ್ಚೆಯೇ ಅರ್ಧ ತಾಸು ನಡೆಯುತ್ತದೆ. ಆಶ್ರಯ ತಾಣಕ್ಕೆ ಹೋಗುವವರು ತುಂಬುತೋಳಿನ ಅಂಗಿ ಹಾಕಿಕೊಳ್ಳುವುದು, ಕರೆಯದ ಹೊರತು ಮರಿಗಳ ಬಳಿ ಬಗ್ಗದಿರುವುದು ಒಳ್ಳೆಯದು.

ಎರಡನೆಯ ಪ್ರಯತ್ನ ಜೀನ್ಸಿನದು. ಬಳ್ಳಾರಿಯಲ್ಲಿದ್ದು ಜೀನ್ಸಿನ ತುಂಡಿಗೆ ಪರದಾಡುವ ಪ್ರಮೇಯವೇ ಇಲ್ಲ. ಪರಿಚಿತರೊಬ್ಬರ ಹೊಲಿಗೆ ಘಟಕದಿಂದ ಕಟಿಂಗಿನಲ್ಲಿ ಉಳಿದ ತುಂಡುಗಳು ಎರಡು ಚೀಲ ಪುಕ್ಕಟೆಯಾಗಿ ಬಂದವು. ಉಗುರಿಗೆ ಹರಿಯದ ಗಟ್ಟಿ ಬಟ್ಟೆ, ಅಡಿಗೆ ಇದನ್ನೇ ಹಾಕೋಣವೆಂದುಕೊಂಡೆ. ಮನೆಯ ಯಂತ್ರದಲ್ಲಿ ಹೊಲಿಯಲು ಕೂತರೆ ಮೊದಲ ದಿನವೇ ಮೂರು ಸೂಜಿ ಮುರಿದವು. ನವೆಂಬರ್ 30ರಂದು ಎರಡು ಮಾದರಿ ಕೊಟ್ಟು ಬಂದೆ. ಮೂರು ದಿನ ಬಿಟ್ಟು ಹುಡುಗನಿಂದ ಫೋಟೊ ಬಂತು: ಬಿಳಿಯ ನಾಯಿಯೊಂದರ ಹೊಟ್ಟೆ ಮತ್ತು ಒಂದು ಮಗ್ಗುಲು ಆಕಾಶದ ಬಣ್ಣಕ್ಕೆ ತಿರುಗಿತ್ತು. ಜೀನ್ಸಿನ ಇಂಡಿಗೊ ಬಣ್ಣ ನೂಲಿನ ಒಳಕ್ಕೆ ಪೂರ್ತಿ ಇಳಿಯದೆ ಮೇಲ್ಮೈಯಲ್ಲಿ ನಿಂತಿರುತ್ತದೆ, ಘಟಕದಲ್ಲಿ ವಾಶಿಂಗಿಗೆ ಹೋಗದ ಹೊಸ ತುಂಡಿನಿಂದ ಅದು ತೇವ ತಾಗಿದಾಗಲೆಲ್ಲ ಬಿಡುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಒಂದು ಕೆಜಿ ಉಪ್ಪು ಹಾಳುಮಾಡಿದೆ, ನಿಲ್ಲಲಿಲ್ಲ. ಹಾಕಿ ಹಾಕಿ ಮಾಸಿದ ಹಳೆಯ ಪ್ಯಾಂಟಾದರೆ ಪರವಾಗಿಲ್ಲ. ಅದರಲ್ಲೂ ರಿವೆಟ್, ಜಿಪ್, ಗುಂಡಿ ಇರುವ ಭಾಗವನ್ನು ಕತ್ತರಿಸಿ ಎಸೆಯಬೇಕು. ಎರಡು ಚೀಲ ತುಂಡುಗಳು ಈಗಲೂ ನಮ್ಮ ಮಾಳಿಗೆಯ ಮೇಲಿವೆ.

ಡಿಸೆಂಬರ್ ಮೊದಲ ವಾರ, ಎಲ್ಲವನ್ನೂ ಬದಿಗಿಟ್ಟು, ಹುಡುಗನನ್ನೇ ಕೇಳಿದೆ: ನಿನಗೆ ಎಂಥದು ಬೇಕು? ಒಂದು ಕೈಯಲ್ಲಿ ಹಿಂಡುವಂತಿರಬೇಕು, ಬೆಳಿಗ್ಗೆ ಒಗೆದರೆ ಮಧ್ಯಾಹ್ನಕ್ಕೆ ಒಣಗಬೇಕು, ಬಕೆಟ್ಟಿನಲ್ಲಿ ಮೂರು ಹಿಡಿಸಬೇಕು ಎಂದ. ಅವನ ಆ ಮೂರು ಮಾತೇ ನಮ್ಮ ನಕ್ಷೆಯಾಯಿತು. ಮೇಲೊಂದು, ಕೆಳಗೊಂದು ಹಳೆಯ ಚಾದರ ಅಥವಾ ಧೋತರ, ನಡುವೆ ಹತ್ತಿ ಸೀರೆಯ ಒಂದೇ ಪದರ. ಸೀರೆಯ ಪನ್ನವೇ ಕೌದಿಯ ಉದ್ದ, ಅಂಚು ಮಡಚಿದ ಮೇಲೆ ಸುಮಾರು ಮೂರೂವರೆ ಅಡಿ. ಅಗಲ ಎರಡೂವರೆ ಅಡಿ. ಹೊಲಿಗೆಯ ಸಾಲುಗಳ ನಡುವೆ ನಾಲ್ಕು ಬೆರಳಿನ ಅಂತರ, ಅಂಚಿಗೆ ಮಾತ್ರ ದರ್ಜಿಯಿಂದ ಯಂತ್ರದ ಜೋಡಿ ಹೊಲಿಗೆ, ಏಕೆಂದರೆ ನಾಯಿ ಕಚ್ಚಲು ಆರಂಭಿಸುವುದು ಅಂಚಿನಿಂದಲೇ. ಒಳಗೆ ಹತ್ತಿ, ಸ್ಪಂಜು, ಚಿಂದಿ ಏನನ್ನೂ ತುಂಬಲಿಲ್ಲ. ಬೆಕ್ಕಿನ ಗೂಡಿಗೆ ಒಂದೂವರೆ ಅಡಿಯ ಚೌಕಗಳು. ಮೊದಲನೆಯದನ್ನು ಮನೆಯಲ್ಲೇ ಒಗೆದು ನೋಡಿದೆ, ಡಿಸೆಂಬರಿನ ಬಿಸಿಲಿಗೆ ಮೂರು ತಾಸಿನಲ್ಲಿ ಒಣಗಿತು.

ಕಾಲು ಬಿದ್ದ ನಾಯಿಗಳಿಗೆ ಇಷ್ಟು ತೆಳುವಾದದ್ದು ಸಾಲದು. ಅವುಗಳಿಗೆ ದಪ್ಪ ಬೇಕು, ದಪ್ಪವಾದದ್ದು ಒಣಗದು. ಇದಕ್ಕೆ ದಾರಿ ತೋರಿಸಿದವರು ದರ್ಜಿ. ಆಶ್ರಯ ತಾಣದಲ್ಲಿಯೇ ಇದ್ದ ಫೋಮಿನ ತುಂಡುಗಳಿಗೆ ರೆಕ್ಸಿನ್ ಸುತ್ತಿ ಹೊಲಿದು, ಅದರ ಮೇಲೆ ದಿಂಬಿನ ಚೀಲದಂತೆ ಒಂದು ಬದಿ ತೆರೆದಿರುವ ಬಟ್ಟೆಯ ಗವಸನ್ನು ಹಾಕುವುದು. ಬಾಯಿಗೆ ಗುಂಡಿಯಿಲ್ಲ, ಲಾಡಿಯಿಲ್ಲ, ಒಂದು ಗೇಣು ಬಟ್ಟೆಯನ್ನು ಒಳಕ್ಕೆ ಮಡಚಿ ಸಿಕ್ಕಿಸಿದರಾಯಿತು. ನೆನೆದಾಗ ಗವಸನ್ನು ಮಾತ್ರ ಒಗೆಯುವುದು, ರೆಕ್ಸಿನನ್ನು ಒರೆಸುವುದು.

ನಕ್ಷೆ ಸಿಕ್ಕಿತು, ಕೈಗಳು ಸಿಗಲಿಲ್ಲ. ಜೊತೆಗೆ ಹೊಲಿಯುತ್ತೇವೆಂದಿದ್ದ ನಾಲ್ವರು ಹೆಂಗಸರಲ್ಲಿ ಇಬ್ಬರು ಹತ್ತಿ ಬಿಡಿಸಲು ಹೋದರು. ಕೂಲಿಯ ಕಾಲದಲ್ಲಿ ಪುಕ್ಕಟೆ ಕೆಲಸಕ್ಕೆ ಕರೆಯುವುದು ನ್ಯಾಯವಲ್ಲ ಎನಿಸಿ, ಉಳಿದಿಬ್ಬರಿಗೆ ಒಂದಕ್ಕೆ 60 ರೂಪಾಯಿಯಂತೆ ಕೊಟ್ಟು ಇಪ್ಪತ್ತು ಹೊಲಿಸಿದೆ. ಎಳ್ಳಮಾಸಿಗೆ ಚರಗ ಚೆಲ್ಲಲು ಅತ್ತೆಯವರು ಊರಿಗೆ ಹೋದವರು ಎಂಟು ದಿನ ಬರಲಿಲ್ಲ. ನಮ್ಮ ಓಣಿಗೆ ನಲ್ಲಿ ನೀರು ದಿನಬಿಟ್ಟು ದಿನವೂ ಬರುವುದಿಲ್ಲ. ಬಂದ ದಿನ ಬೆಳಗಿನ ನಾಲ್ಕಕ್ಕೆ ಎದ್ದು ಬಟ್ಟೆಯೆಲ್ಲವನ್ನೂ ಬಿಸಿನೀರಿನಲ್ಲಿ ಒಗೆದು ಮಾಳಿಗೆಯ ಮೇಲೆ ಹಾಕುತ್ತಿದ್ದೆ. ಸೋಪಿನ ಪುಡಿಯ ಹೊರತು ಬೇರೇನನ್ನೂ ಹಾಕಬಾರದೆಂದು ವೈದ್ಯರು ಮೊದಲೇ ಹೇಳಿದ್ದರು. ಫಿನಾಯಿಲ್ ಆಗಲಿ, ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಆಂಟಿಸೆಪ್ಟಿಕ್ ಆಗಲಿ ಬಟ್ಟೆಯಲ್ಲಿ ಉಳಿದರೆ ಬೆಕ್ಕುಗಳಿಗೆ ವಿಷ. ಅವು ಮೈ ನೆಕ್ಕಿಕೊಳ್ಳುವ ಪ್ರಾಣಿಗಳು, ಅಂಥ ರಾಸಾಯನಿಕವನ್ನು ಅರಗಿಸಿ ಹೊರಹಾಕುವ ಶಕ್ತಿ ಅವುಗಳ ಯಕೃತ್ತಿಗೆ ಬಹಳ ಕಡಿಮೆ.

ಕೊಡುವ ಹಿಂದಿನ ವಾರ ಕಾಗದದ ಕೆಲಸ. ಒಂದು ಬಿಳಿ ಹಾಳೆಯಲ್ಲಿ ಏನೇನು, ಎಷ್ಟೆಷ್ಟು, ಯಾವ ಬಟ್ಟೆಯದು ಎಂದು ಬರೆದು, ಇವನ್ನು ಮರಳಿ ಕೇಳುವುದಿಲ್ಲ, ಅಗತ್ಯ ಬಿದ್ದರೆ ನಾಶಪಡಿಸಲು ಅಭ್ಯಂತರವಿಲ್ಲ ಎಂದು ಸಹಿ ಮಾಡಿಕೊಡಬೇಕಿತ್ತು. ನಾಶಪಡಿಸುವ ಮಾತು ಏಕೆಂದು ಆಗ ಅರ್ಥವಾಗಲಿಲ್ಲ, ಸಹಿ ಹಾಕಿದೆ. ಅವರು ಸಂಸ್ಥೆಯ ಮೊಹರಿನ ರಸೀದಿ ಕೊಟ್ಟರು. ಈ ರಸೀದಿಯನ್ನು ತೋರಿಸಿ ಆದಾಯ ತೆರಿಗೆಯಲ್ಲಿ ದಾನಕ್ಕೆ ಸಿಗುವ ವಿನಾಯಿತಿ ಪಡೆಯಬಹುದೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು, ಅದು ತಪ್ಪು. ವಸ್ತುವಿನ ರೂಪದ ದಾನಕ್ಕೆ ಆ ವಿನಾಯಿತಿ ಇಲ್ಲ. ಹಣವಾದರೂ ನಗದಾಗಿ 2,000 ರೂಪಾಯಿ ಮೀರಿದರೆ ಲೆಕ್ಕಕ್ಕೆ ಬಾರದು, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗಂತೂ ಇಲ್ಲವೇ ಇಲ್ಲ.

ಜನವರಿ 11ರಂದು ಇಪ್ಪತ್ತೆರಡು ದೊಡ್ಡವು, ಹನ್ನೆರಡು ಚೌಕಗಳು, ನಾಲ್ಕು ಗವಸು ಹೊತ್ತು ಹೋದೆವು. ಎಲ್ಲವೂ ಸರಾಗವಾಗಿ ಒಳಗೆ ಹೋಗುತ್ತವೆ ಎಂದುಕೊಂಡಿದ್ದೆ. ವೈದ್ಯರು ಒಂದೊಂದನ್ನೂ ಮೂಗಿಗೆ ಹಿಡಿದು ನೋಡುತ್ತ ಮೂರನ್ನು ಪಕ್ಕಕ್ಕಿಟ್ಟರು. ಅವು ಎದುರು ಮನೆಯವರ ಟ್ರಂಕಿನಲ್ಲಿ ವರ್ಷಗಟ್ಟಲೆ ನುಸಿಗುಳಿಗೆಯ ಜೊತೆಗಿದ್ದ ಸೀರೆಗಳಿಂದಾದವು. ಎರಡು ಸಲ ಒಗೆದು, ನಾಲ್ಕು ದಿನ ಬಿಸಿಲಿಗೆ ಹಾಕಿದ್ದರೂ ವಾಸನೆ ಎಳೆಯಾಗಿ ಉಳಿದಿತ್ತು. ನನ್ನ ಮೂಗಿಗೆ ಅದು ಶುಭ್ರವಾದ ಬಟ್ಟೆಯ ವಾಸನೆಯಾಗಿಯೇ ಬಂದಿತ್ತು. ನುಸಿಗುಳಿಗೆಯ ನ್ಯಾಫ್ತಲೀನ್ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಕೆಡಿಸುತ್ತದೆಂದು ಅವರು ಹೇಳಿದಾಗ, ಅರಿಯದೆ ಎಂಥದನ್ನು ತಂದುಬಿಟ್ಟಿದ್ದೆ ಎಂದು ಕೈಕಾಲು ತಣ್ಣಗಾದವು. ಬಟ್ಟೆ ಸಂಗ್ರಹಿಸಿ ಇಡುವವರು ಒಣಗಿದ ಬೇವಿನೆಲೆಯನ್ನು ಹಾಕಲಿ, ಬಟ್ಟೆ ಕೊಡುವವರನ್ನು ನುಸಿಗುಳಿಗೆಯ ಬಗ್ಗೆ ಮೊದಲೇ ಕೇಳಲಿ.

ಖರ್ಚಿನ ಲೆಕ್ಕ ಹೀಗಿದೆ. ದಾರಕ್ಕೆ 480, ಸೂಜಿ ಮತ್ತು ಕತ್ತರಿಗೆ ಸಾಣೆ ಹಿಡಿಸಿದ್ದಕ್ಕೆ 110, ಸೋಪಿನ ಪುಡಿಗೆ 260, ಅಂಚಿನ ಯಂತ್ರದ ಹೊಲಿಗೆಗೆ ಒಂದಕ್ಕೆ 20ರಂತೆ 680, ಹೆಂಗಸರ ಕೂಲಿ 1,200, ರೆಕ್ಸಿನ್ 720, ಆಟೊ ಬಾಡಿಗೆಗಳು 900, ಒಟ್ಟು 4,350 ರೂಪಾಯಿ. ಗವಸಿನ ಹೊಲಿಗೆಗೆ ದರ್ಜಿ ಹಣ ತೆಗೆದುಕೊಳ್ಳಲಿಲ್ಲ. ಮೊದಲ ದೊಡ್ಡ ಕೌದಿಗೆ ಹಿಡಿದ ದಿನಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಅದರ ಗೊಂಡೆಗಳನ್ನು ಕತ್ತರಿಸಿ, ಹರಿದ ತೇಪೆಗೆ ಹೊಸದನ್ನು ಹಾಕಿ ಅತ್ತೆಯವರು ತಮ್ಮ ಹಾಸಿಗೆಗೆ ಹಾಕಿಕೊಂಡಿದ್ದಾರೆ.

ಹದಿನೈದು ದಿನ ಕಳೆದು ಫೋನ್ ಮಾಡಿದಾಗ, ಐದು ಕೌದಿಗಳನ್ನು ಸುಟ್ಟೆವು ಎಂದು ಹುಡುಗ ಸಹಜವಾಗಿ ಹೇಳಿದ. ಕಾಗದದ ಮೇಲಿನ ಆ ಸಾಲಿನ ಅರ್ಥ ಈಗ ತಿಳಿಯಿತು. ಪಾರ್ವೊ ರೋಗದ ಮರಿಗಳು ಬಂದಿದ್ದವಂತೆ. ರಕ್ತಭೇದಿ ತರುವ ಆ ವೈರಾಣು ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಬರಿಯ ಸೋಪಿಗೆ ಸಾಯುವುದಿಲ್ಲ. ನೆಲವನ್ನಾದರೆ ಒಂದು ಪಾಲು ಮನೆಬಳಕೆಯ ಬ್ಲೀಚಿಗೆ 32 ಪಾಲು ನೀರು ಬೆರೆಸಿ ಹತ್ತು ನಿಮಿಷ ನಿಲ್ಲಿಸಿ ತೊಳೆಯುತ್ತಾರೆ. ಮಲ ಅಂಟಿದ ಬಟ್ಟೆಯನ್ನು ಸುಡುವುದೇ ಲೇಸು. ಒಂದೊಂದಕ್ಕೆ ಒಂದೂವರೆ ದಿನ ಕೂತು ಹೊಲಿದದ್ದು ಕಣ್ಣ ಮುಂದೆ ಬಂತು, ಎರಡು ದಿನ ಅತ್ತೆಯವರಿಗೆ ಹೇಳಲೇ ಇಲ್ಲ. ಹೇಳಿದಾಗ ಅವರು ಸೂಜಿಯಿಂದ ಕಣ್ಣೆತ್ತದೆ, "ಬಾಣಂತಿ ಕ್ವಾಣ್ಯಾಗಿನ ಬಟ್ಟಿ ಎತ್ತಿ ಇಟ್ಕೋತಾರೇನವಾ? ಸುಡ್ಲಿ ಬಿಡು" ಎಂದರು. ರೋಗದ ಮರಿಗಳ ಗೂಡಿಗೆ ಹೊಲಿದದ್ದನ್ನು ಹಾಕಬೇಡಿ, ಹಳೆಯ ಬನಿಯನ್, ಚಾದರದ ತುಂಡುಗಳನ್ನು ಬೇರೆ ಚೀಲದಲ್ಲಿ ಕೊಡುತ್ತೇವೆ ಎಂದು ಈಗ ಒಪ್ಪಂದ ಮಾಡಿಕೊಂಡಿದ್ದೇವೆ.

ನಮ್ಮ ಓಣಿಯ ನಾಯಿಯ ಮೊಣಕೈ ಹುಣ್ಣು ಮಾಯ್ದಿದೆ, ಸೊಂಟದ್ದು ಇನ್ನೂ ಹಸಿ ಇದೆ, ಕಾಲು ಬಂದಿಲ್ಲ. ಅದು ದಿನಕ್ಕೆ ಎರಡು ಗವಸು ನೆನೆಸುತ್ತದೆಯಾದ್ದರಿಂದ ನಾಲ್ಕು ಗವಸು ಸಾಲುತ್ತಿಲ್ಲ. ಮಳೆಗಾಲದೊಳಗೆ ಕೌದಿ ಬೇಡ, ಇನ್ನೂ ಹತ್ತು ಗವಸು ಸಾಕು, ಈ ಸಲ ಬಾಯಿಯ ಮಡಿಕೆ ಒಂದು ಗೇಣಿಗಿಂತ ನಾಲ್ಕು ಬೆರಳು ಹೆಚ್ಚಿರಲಿ ಎಂದು ಹುಡುಗ ಅಳತೆ ಹೇಳಿ ಕಳಿಸಿದ್ದಾನೆ. ಆ ಚೀಟಿಯನ್ನು ಅತ್ತೆಯವರು ಸೂಜಿಯ ಡಬ್ಬಿಯಲ್ಲಿ ಮಡಚಿ ಇಟ್ಟುಕೊಂಡಿದ್ದಾರೆ.